ಎತ್ಕೋ ಅಮ್ಮ, ಸಾಕು

ಆ ಭಾನುವಾರ ಬೆಳಿಗ್ಗೆ ಕಾರಿನ ಡಿಕ್ಕಿಗೆ ಗಾಲ್ಫ್ ಚೀಲ ತುಂಬುವಾಗಲೇ ನಾನೊಂದು ತೀರ್ಮಾನ ಮಾಡಿಕೊಂಡಿದ್ದೆ. ನಾನು, ಮಗ, ಮಗಳು ಒಂಬತ್ತು ಗುಂಡಿ ಆಡುತ್ತೇವೆ. ಅವುಗಳಲ್ಲಿ ನನ್ನ ಪಾಲಿಗೆ ಬರುವ ಸಣ್ಣ ಹೊಡೆತಗಳನ್ನು, ಅಂದರೆ ಒಂದೆರಡು ಮೊಳ ದೂರದಿಂದ ಚೆಂಡನ್ನು ಮೆಲ್ಲಗೆ ಗುಂಡಿಗೆ ತಳ್ಳುವ ಹೊಡೆತಗಳನ್ನು, ಕೈ ನಡುಗದೆ ಹೊಡೆದರೆ ಸೋಮವಾರ ಹತ್ತು ಗಂಟೆಗೆ ಬಸ್ ಡ್ರೈವರನ ಹಲ್ಲಿಗೆ ನಾನೇ ಕೈ ಹಾಕುತ್ತೇನೆ. ನಡುಗಿದರೆ ಇಲ್ಲ. ಕೈ ಹಾಕದಿದ್ದರೆ ಮುಂದೇನು ಎಂಬುದನ್ನು ಯೋಚಿಸಿರಲಿಲ್ಲ.

ನಾನು ಹಲ್ಲಿನ ಡಾಕ್ಟರು. ಬಾಯಲ್ಲಿರುವ ಹಲ್ಲಿಗೊಂದರಂತೆ ಮೂವತ್ತೆರಡು ವರ್ಷದ ಅನುಭವ. ನನ್ನ ಬಲಗೈ ನಡುಗತೊಡಗಿ ಎಂಟು ತಿಂಗಳಾಗಿತ್ತು. ಇಡೀ ದಿನ ನಡುಗುತ್ತಿತ್ತು ಎಂದಲ್ಲ. ಹಾಗಿದ್ದರೆ ನಾಲ್ಕು ಜನರಿಗೆ ಕಂಡು, ಒಂದು ದಾರಿಯಾದರೂ ಆಗುತ್ತಿತ್ತು. ಚೀಲ ಎತ್ತುವಾಗ ಇಲ್ಲ, ಹಲ್ಲು ಕೀಳುವಾಗ ಇಲ್ಲ, ಕೋಲು ಬೀಸಿ ಚೆಂಡನ್ನು ನೂರೈವತ್ತು ಗಜ ಹೊಡೆಯುವಾಗ ಇಲ್ಲ. ನಿಧಾನವಾಗಿ, ನಾಜೂಕಾಗಿ ಏನಾದರೂ ಮಾಡಲು ಹೊರಟರೆ ಮಾತ್ರ ಮಣಿಕಟ್ಟಿನಲ್ಲಿ ಯಾರೋ ದಾರ ಹಿಡಿದು ಜಗ್ಗಿದ ಹಾಗಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮನೆಯವರಿಗೂ ಹೇಳಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿಗಳಿವೆ, ಒಂದು ನನ್ನದು, ಇನ್ನೊಂದು ಮಗಳದು. ಅವಳು ಓದು ಮುಗಿಸಿ ನನ್ನ ಜೊತೆ ಸೇರಿ ನಾಲ್ಕು ವರ್ಷವಾಯಿತು. ಕೀಳುವುದು, ಕ್ಲೀನ್ ಮಾಡುವುದು, ಎದುರಿಗೇ ಕಾಣುವ ದೊಡ್ಡ ಫಿಲ್ಲಿಂಗುಗಳು, ಇಷ್ಟನ್ನು ನಾನಿಟ್ಟುಕೊಂಡು ನಾಜೂಕಿನ ಕೆಲಸವನ್ನೆಲ್ಲ ಅವಳತ್ತ ತಳ್ಳುತ್ತಿದ್ದೆ. "ನೀನೂ ಕಲೀಬೇಕಲ್ಲ ಕಣೇ" ಅನ್ನುತ್ತಿದ್ದೆ. ಅವಳು ಒಂದು ದಿನವೂ ಯಾಕೆಂದು ಕೇಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಆದರೆ ಬಸ್ ಡ್ರೈವರನನ್ನು ಹಾಗೆ ತಳ್ಳಲಾಗಲಿಲ್ಲ. ಆರಡಿಯ ಆಳು, ಮೀಸೆ ನೋಡಿದರೆ ಯಾರಾದರೂ ದಾರಿ ಬಿಡಬೇಕು, ಅಂಥವನು ಸೂಜಿ ಕಂಡರೆ ಬೆವರುತ್ತಾನೆ. ಹದಿನೆಂಟು ವರ್ಷದಿಂದ ನನ್ನ ಕೈ ಬಿಟ್ಟರೆ ಇನ್ನೊಂದು ಕೈ ಅವನ ಬಾಯೊಳಗೆ ಹೋಗಿಲ್ಲ. ಕೆಳದವಡೆಯ ಹಲ್ಲು ಒಳಗೇ ಕೊಳೆತಿತ್ತು. ರೂಟ್ ಕೆನಾಲ್ ಆಗಬೇಕು. ಬೇರಿನೊಳಗಿನ ಕೂದಲೆಳೆಯಂಥ ಮೂರು ದಾರಿಗಳಲ್ಲಿ ಕೂದಲೆಳೆಯಂಥ ಸೂಜಿ ಇಳಿಸಿ ಕೆರೆಯುವ ಕೆಲಸ. ಜರ್ಕು ಹೊಡೆದರೆ ಸೂಜಿ ಒಳಗೇ ಮುರಿಯುತ್ತದೆ, ಇಲ್ಲವೇ ಬೇರಿನ ಆಚೆ ಹೋಗಿ ದವಡೆಯ ನರಕ್ಕೆ ತಾಗುತ್ತದೆ. ತಾಗಿದರೆ ಅರ್ಧ ತುಟಿ ಜೀವಮಾನವಿಡೀ ಮರಗಟ್ಟಿದರೂ ಮರಗಟ್ಟಿತು. ಎರಡು ಸಲ ಔಷಧ ತುಂಬಿ, ಇನ್ನೂ ಊತ ಇಳಿಯಲಿ ಎಂದು ಸುಳ್ಳು ಹೇಳಿ ಕಳಿಸಿದ್ದೆ. ಮೂರನೆಯ ಸಲಕ್ಕೆ ಸುಳ್ಳು ಉಳಿದಿರಲಿಲ್ಲ.

ನೀರಿನ ಟ್ಯಾಂಕಿನ ಹಿಂದಿರುವ ಆ ಮೈದಾನ ದೊಡ್ಡವರ ಕ್ಲಬ್ಬೇನಲ್ಲ. ಒಂಬತ್ತೇ ಗುಂಡಿ, ತಗಡಿನ ಷೆಡ್ಡು, ಬೆಂಚು, ನೀರಿನ ನಲ್ಲಿ. ಮಗನಿಗೆ ಒಂಬತ್ತು, ಮಗಳಿಗೆ ಆರು ತುಂಬಿದಾಗಿನಿಂದ ಪ್ರತಿ ಭಾನುವಾರ ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಈಗ ಅವರೇ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಮ್ಮ ಮನೆಯವರು ಬರುವುದಿಲ್ಲ. "ಚೆಂಡನ್ನ ನೀವೇ ದೂರ ಹೊಡೀತೀರಾ, ಆಮೇಲೆ ನೀವೇ ಹುಡುಕ್ಕೊಂಡು ಹೋಗ್ತೀರಾ. ಹೊಡೀದೇ ಇದ್ರೆ ಹುಡುಕೋ ಕೆಲಸಾನೇ ಇರಲ್ಲ" ಎಂದು ಹೇಳಿ ಪೇಪರ್ ಹಿಡಿದು ಕೂರುತ್ತಾರೆ.

ಈ ಆಟದಲ್ಲಿ ಗೆಳೆಯರ ನಡುವೆ ಒಂದು ರೂಢಿಯಿದೆ. ಚೆಂಡು ಗುಂಡಿಗೆ ತೀರಾ ಹತ್ತಿರ ಬಂದು ನಿಂತರೆ, ಇನ್ನು ತಪ್ಪಲಾರದು ಎಂದು ಎದುರಾಳಿ "ಎತ್ಕೋ" ಅನ್ನುತ್ತಾನೆ. ಹೊಡೆಯದೆಯೇ ಹೊಡೆದ ಲೆಕ್ಕ. ನನಗೆ ಈ ರೂಢಿಯೇ ಆಗುತ್ತಿರಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಗೇಣು ದೂರದ ಚೆಂಡನ್ನೂ ಬಿಟ್ಟುಕೊಟ್ಟವಳಲ್ಲ. "ಗುಂಡಿಯೊಳಗೆ ಬಿದ್ದ ಸದ್ದು ನನಗೆ ಕೇಳಿಸ್ಬೇಕು" ಎಂದು ನಿಲ್ಲುತ್ತಿದ್ದೆ. ಮಗ, ಮನೆಯಲ್ಲಿ ಅವನಿಗೆ ಗುಂಡ ಎಂದೇ ಹೆಸರು, ಒಂದು ಸಲ ಗೇಣು ದೂರದಿಂದ ನಾಲ್ಕು ಬಾರಿ ತಪ್ಪಿಸಿ ಗೊಳೋ ಎಂದು ಅತ್ತಿದ್ದ. ಮೂಗು ಒರೆಸಿಕೊಂಡು ಐದನೆಯದನ್ನೂ ಹೊಡೆಯಲು ಹೇಳಿದೆ. ಹಲ್ಲಿನಲ್ಲಿ ಒಂದು ಸಾಸಿವೆಯಷ್ಟು ಹುಳುಕು ಬಿಟ್ಟರೂ ಬಿಟ್ಟಂತೆಯೇ ಎಂದು ನಂಬಿದ ಹೆಂಗಸು ಮಕ್ಕಳನ್ನು ಇನ್ನು ಹೇಗೆ ಬೆಳೆಸಿಯಾಳು?

ಮೊದಲ ಗುಂಡಿಗೆ ಮೂವರೂ ಚೆನ್ನಾಗಿಯೇ ಹೊಡೆದೆವು. ಗುಂಡಿಯ ಸುತ್ತ ಹುಲ್ಲನ್ನು ಚಾಪೆಯ ಹಾಗೆ ನುಣ್ಣಗೆ ಕತ್ತರಿಸಿರುವ ಜಾಗಕ್ಕೆ ಗ್ರೀನ್ ಅನ್ನುತ್ತೇವೆ. ನನ್ನ ಚೆಂಡು ಗ್ರೀನ್ ಹತ್ತಿ ಗುಂಡಿಯಿಂದ ಒಂದು ಮೊಳ ದೂರ ನಿಂತಿತ್ತು. ಸಣ್ಣ ಹೊಡೆತಕ್ಕೆಂದೇ ಇರುವ ಚಪ್ಪಟೆ ಮೂತಿಯ ಕೋಲು, ಪಟರು, ಹಿಡಿದು ಬಾಗಿದೆ.

"ಎತ್ಕೋ ಅಮ್ಮ, ಸಾಕು" ಅಂದಳು ಮಗಳು.

ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ನನ್ನ ಮೇಲೆ ನನಗೇ ರೇಗಿತು. ಪರೀಕ್ಷೆ ಬರೆಯಬೇಕು ಎಂದು ಬಂದವಳು ಪ್ರಶ್ನೆಪತ್ರಿಕೆಯನ್ನೇ ವಾಪಸು ಕೊಟ್ಟ ಹಾಗಾಯಿತು. ಹೋಗಲಿ, ಇನ್ನೂ ಎಂಟಿವೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೆಯದರಲ್ಲೂ "ಎತ್ಕೋ". ಮೂರನೆಯದರಲ್ಲಿ ಚೆಂಡು ಒಂದೂವರೆ ಮೊಳ ದೂರವಿತ್ತು, ಅದೂ ಇಳಿಜಾರಿನಲ್ಲಿ. ಮಗ ಆಕಾಶ ನೋಡುತ್ತಾ, "ಅದೇನ್ ಬಿಡಮ್ಮ, ಎತ್ಕೋ" ಅಂದ.

"ಯಾಕೋ, ರೈಲು ಹಿಡೀಬೇಕಾ?" ಅಂದೆ.

"ಹಿಂದೆ ಇಬ್ರು ತಾತಂದಿರು ಕಾಯ್ತಿದ್ದಾರೆ ನೋಡು."

ತಿರುಗಿ ನೋಡಿದೆ. ನಮ್ಮ ಹಿಂದೆ ಆಡುತ್ತಿದ್ದ ಇಬ್ಬರು ಮುದುಕರು ಇನ್ನೂ ಎರಡನೆಯ ಗುಂಡಿಯ ಪೊದೆಯಲ್ಲಿ ಚೆಂಡು ಹುಡುಕುತ್ತಿದ್ದರು. ಅವರು ಕಾಯುತ್ತಿರಲಿಲ್ಲ, ಒಬ್ಬರನ್ನೊಬ್ಬರು ಬಯ್ಯುತ್ತಿದ್ದರು. ಆದರೂ ನಾನು ಎತ್ತಿಕೊಂಡೆ. ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ನಡೆದೆ.

ನಾಲ್ಕನೆಯ ಗುಂಡಿಯ ದಾರಿಯಲ್ಲಿ ನಡೆಯುತ್ತಾ ನೆನಪು ಮಾಡಿಕೊಂಡೆ. ಮೊದಲು ಇವರು ಬಿಟ್ಟುಕೊಡಲು ಶುರುಮಾಡಿದಾಗ ಗೇಣು ದೂರದ್ದನ್ನು ಬಿಟ್ಟಿದ್ದರು. ಬೇಸಿಗೆಯ ಹೊತ್ತಿಗೆ ಅದು ಮೊಳವಾಯಿತು. ಕಳೆದ ಭಾನುವಾರ ಹತ್ತಿರ ಹತ್ತಿರ ಎರಡು ಮೊಳ. ಮೂವತ್ತೊಂದು ವರ್ಷದ ಮಗ, ಇಪ್ಪತ್ತೆಂಟರ ಮಗಳು, ಇಬ್ಬರೂ ಗೆಲ್ಲಬೇಕೆಂಬ ಚಟವನ್ನು ನನ್ನಿಂದಲೇ ಪಡೆದವರು. ತಮ್ಮ ತಮ್ಮಲ್ಲಿ ಒಂದಂಗುಲ ಬಿಡುವವರಲ್ಲ. ಅಂದೂ ಅಣ್ಣನ ಚೆಂಡು ಗುಂಡಿಯ ತುಟಿಯ ಮೇಲೆ ನಿಂತಿದ್ದರೂ ಮಗಳು, "ಹೊಡಿ ಅಣ್ಣ, ನೋಡೋಣ" ಎಂದು ಕೈ ಕಟ್ಟಿಕೊಂಡು ನಿಂತಿದ್ದಳು. ನನಗೆ ಮಾತ್ರ ಯಾಕೆ ಈ ಧಾರಾಳ? ವಯಸ್ಸಾಯಿತು ಎಂದು ಮರ್ಯಾದೆ ಕೊಡುತ್ತಿದ್ದಾರೆ, ಅಷ್ಟೇ, ಎಂದು ಆ ಪ್ರಶ್ನೆಯ ಬಾಯಿ ಮುಚ್ಚಿಸಿದೆ.

ಐದನೆಯ ಗುಂಡಿಯಲ್ಲಿ ನಾನೂ ಒಂದು ಉಪಾಯ ಮಾಡಿದೆ. ಚೆಂಡನ್ನು ಬೇಕೆಂದೇ ಅಳತೆ ತಪ್ಪಿಸಿ ಎರಡು ಮಾರು ದೂರ ನಿಲ್ಲಿಸಿದೆ. ಅಷ್ಟು ದೂರದ್ದನ್ನು ಯಾವ ಹುಚ್ಚನೂ ಬಿಟ್ಟುಕೊಡುವುದಿಲ್ಲ. ಅಲ್ಲಿಂದ ಹೊಡೆದೆ. ದೂರದ ಹೊಡೆತವಾದ್ದರಿಂದ ಕೈ ಸುಮ್ಮನಿತ್ತು. ಚೆಂಡು ಗುಂಡಿ ದಾಟಿ ಒಂದು ಮೊಳ ಆಚೆ ನಿಂತಿತು. ಈಗ ಹೊಡೆಯಲೇಬೇಕು ಎಂದು ಬಿರಬಿರನೆ ಹೋಗಿ ಬಾಗುವಷ್ಟರಲ್ಲಿ ಮಗಳು ನನಗಿಂತ ಮೊದಲು ಹೋಗಿ ಚೆಂಡನ್ನು ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದಿದ್ದಳು.

"ಗ್ರೀನ್ ಯಾಕೋ ಇವತ್ತು ಡೊಂಕಾಗಿದೆ" ಎಂದು ನಾನೇ ಏನೋ ಗೊಣಗಿದೆ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ" ಅಂದ ಗುಂಡ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಅವನು, ಮಕ್ಕಳನ್ನು ರೇಗಿಸಿ ಅಭ್ಯಾಸ. ಬೇರೆ ದಿನವಾಗಿದ್ದರೆ ಕೋಲಿನಿಂದ ಒಂದು ಬಿಡುತ್ತಿದ್ದೆ. ಅಂದು ನಗಲೂ ಆಗಲಿಲ್ಲ. ತಂಗಿ ಅವನನ್ನು ದುರುಗುಟ್ಟಿ ನೋಡಿದ್ದು ಕಂಡಿತು, ಅವನು ನಾಲಿಗೆ ಕಚ್ಚಿಕೊಂಡದ್ದೂ ಕಂಡಿತು.

ಆರು, ಏಳು, ಎಂಟು ಹೀಗೆಯೇ ಕಳೆದವು. ಪ್ರತಿ ಸಲ ಹೊಡೆಯಬೇಕು ಅನ್ನಿಸುತ್ತಿತ್ತು, ಪ್ರತಿ ಸಲ "ಎತ್ಕೋ" ಎಂಬ ಮಾತು ಕಿವಿಗೆ ಬಿದ್ದಾಗ ಜೀವ ತಣ್ಣಗಾಗುತ್ತಿತ್ತು. ಆ ತಣ್ಣಗಾಗುವುದಿತ್ತಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ಸೋಮವಾರ ಬಸ್ ಡ್ರೈವರನ ಬಾಯಿ ತೆರೆದಾಗ ಯಾರು ಬಂದು ಎತ್ಕೋ ಅನ್ನುತ್ತಾರೆ?

ಒಂಬತ್ತನೆಯ ಗ್ರೀನಿನಲ್ಲಿ ನನ್ನ ಚೆಂಡು ಗುಂಡಿಯಿಂದ ಒಂದೇ ಮೊಳ ದೂರ, ಸಮತಟ್ಟಾದ ಜಾಗದಲ್ಲಿ ನಿಂತಿತು. ಕಣ್ಣು ಮುಚ್ಚಿ ಹೊಡೆಯಬಹುದಾದಂಥದ್ದು.

"ಎತ್ಕೋ ಅಮ್ಮ" ಅಂದಳು.

"ಇಲ್ಲ. ಹೊಡೀತೀನಿ."

"ಬಿಟ್ಟಿದ್ದೀವಲ್ಲಮ್ಮ" ಅಂದ ಗುಂಡ.

"ನಿಮ್ಮನ್ನ ಯಾರು ಬಿಡಿ ಅಂದ್ರು? ನಾನು ಯಾವತ್ತಾದ್ರೂ ನಿಮಗೆ ಬಿಟ್ಟಿದ್ದೀನಾ? ಸರೀರಿ ಆಚೆ."

ಸರಿದರು. ನಾನು ಬಾಗಿ ಪಟರನ್ನು ಚೆಂಡಿನ ಹಿಂದೆ ಇಟ್ಟೆ. ಅದು ಆಗಲೇ ಹುಲ್ಲಿನ ಮೇಲೆ ಟಕಟಕ ಕುಟ್ಟಲು ಶುರುಮಾಡಿತ್ತು. ಯಾರಾದರೂ ನೋಡಿಬಿಟ್ಟರೇ ಎಂದು ತಲೆ ಎತ್ತಿದೆ. ಮಗ ಬೆನ್ನು ತಿರುಗಿಸಿ ತಗಡಿನ ಷೆಡ್ಡು ನೋಡುತ್ತಿದ್ದ. ಮಗಳು ಬಾವುಟದ ಕಂಬವನ್ನು ಹಿಡಿದು ಅದರ ತುದಿಯನ್ನೇ ದಿಟ್ಟಿಸುತ್ತಿದ್ದಳು. ಆಡುವವರು ಚೆಂಡನ್ನು ನೋಡುತ್ತಾರೆ. ಆ ಗ್ರೀನಿನ ಮೇಲೆ ಚೆಂಡು ಬಿಟ್ಟು ಇನ್ನೆಲ್ಲವನ್ನೂ ಇಬ್ಬರೂ ನೋಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ ನನ್ನದಾಗಿತ್ತು.

"ಇಬ್ರೂ ಈ ಕಡೆ ತಿರುಗಿ" ಅಂದೆ.

ತಿರುಗಲಿಲ್ಲ.

"ತಿರುಗಿ ಅಂದೆ. ನನ್ನ ಕೈ ನೋಡಿ."

ತಿರುಗಿದರು. ಅವರು ನೋಡುತ್ತಿರುವಾಗ ಹೊಡೆದೆ. ಮಣಿಕಟ್ಟು ಜಗ್ಗಿತು. ಚೆಂಡು ಗುಂಡಿಯ ಬಳಿಯೂ ಸುಳಿಯದೆ ಅಡ್ಡಡ್ಡ ಹಾರಿ ಗ್ರೀನಿನ ಅಂಚು ದಾಟಿ ಹುಲ್ಲಿನಲ್ಲಿ ಮಾಯವಾಯಿತು. ಮೂವರಲ್ಲಿ ಯಾರೂ ಅದನ್ನು ತರಲು ಹೋಗಲಿಲ್ಲ.

"ಯಾವಾಗಿಂದ ಗೊತ್ತು ನಿಮಗೆ?"

"ಹತ್ತು ತಿಂಗಳು" ಅಂದಳು ಮಗಳು.

ನನ್ನ ಲೆಕ್ಕದಲ್ಲಿ ಎಂಟು. ನನ್ನ ಕೈ ನಡುಗುವುದು ನನಗಿಂತ ಎರಡು ತಿಂಗಳು ಮೊದಲೇ ಅವಳಿಗೆ ಗೊತ್ತಾಗಿತ್ತು. ನಾಚಿಕೆಯೋ ಸಿಟ್ಟೋ, ಮುಖ ಧಗಧಗ ಅಂದಿತು. ನನಗೆ ಸಿಟ್ಟೇ ಸಲೀಸು, ಅದನ್ನೇ ಹಿಡಿದುಕೊಂಡೆ.

"ಹತ್ತು ತಿಂಗಳಿಂದ ಪಕ್ಕದ ಕುರ್ಚಿ ಹತ್ರ ನಿಂತು ತಮಾಷೆ ನೋಡ್ತಿದ್ಯಾ? ನಾನು ಜನರ ಬಾಯಿಗೆ ಡ್ರಿಲ್ ಹಾಕ್ತಾ ಇದ್ದೀನಿ. ಯಾರಿಗಾದ್ರೂ ಹೆಚ್ಚು ಕಡಿಮೆ ಆಗಿದ್ರೆ? ಓದಿದ್ದು ಇದಕ್ಕೇನಾ ನೀನು?"

"ನೋಡ್ತಾ ನಿಂತಿರ್ಲಿಲ್ಲ ಅಮ್ಮ." ಅವಳ ದನಿ ಸಣ್ಣಗಾಗಿತ್ತು. "ನೀನು ಮಧ್ಯಾಹ್ನ ಮನೆಗೆ ಹೋದ್ಮೇಲೆ ನಿನ್ನ ಪೇಷಂಟ್‌ಗಳನ್ನ ವಾಪಸ್ ಕರೆಸ್ತಿದ್ದೆ. ಫಿಲ್ಲಿಂಗ್ ಹಾಕಿಸ್ಕೊಂಡೋರ್ನ ಎಲ್ಲಾರ್ನೂ. ಕ್ಲಿನಿಕ್ಕಲ್ಲಿ ಇದು ಹೊಸ ಪದ್ಧತಿ, ಎರಡನೇ ಸಲ ನೋಡ್ತೀವಿ ಅಂತ ಹೇಳ್ತಿದ್ದೆ. ತುಂಬಾ ಸಲ ಸರಿಯಾಗೇ ಇರ್ತಿತ್ತು."

"ತುಂಬಾ ಸಲ ಅಂದ್ರೆ?"

"ಮೂರು ಬಿಟ್ಟು ಎಲ್ಲ. ಆ ಮೂರು ನಾನು ಮತ್ತೆ ಮಾಡ್ದೆ."

ಹಿಂದಿನ ಮುದುಕರು ಈಗ ನಿಜವಾಗಿಯೂ ಬಂದು ಕಾಯುತ್ತಿದ್ದರು. ಅವರಲ್ಲೊಬ್ಬರು ದೂರದಿಂದಲೇ, "ಡಾಕ್ಟ್ರೇ, ಅಲ್ಲೇ ಮನೆ ಕಟ್ಟಿಸ್ತೀರಾ ಹೇಗೆ?" ಎಂದು ಕೂಗಿದರು. ಗುಂಡ ಕೈ ಎತ್ತಿ ಒಂದು ನಿಮಿಷ ಎಂದು ಸನ್ನೆ ಮಾಡಿದ.

"ಯಾರ್ಯಾರು?" ಅಂದೆ.

"ಔಷಧಿ ಅಂಗಡಿಯವರ ಹೆಂಡ್ತಿ. ಮೂಲೆ ಮನೆ ಟೈಲರು."

"ಮೂರನೆಯದು?"

ಅವಳು ಅಣ್ಣನತ್ತ ನೋಡಿದಳು. ಅವನು ಕಾಲಿನ ತುದಿಯಿಂದ ಹುಲ್ಲು ಕೆದಕುತ್ತಿದ್ದ.

ಐದು ತಿಂಗಳ ಹಿಂದೆ ಅವನಿಗೆ ಫಿಲ್ಲಿಂಗ್ ಮಾಡಿದ್ದೆ, ಬಲಗಡೆ ಕೆಳಗಿನ ದವಡೆ ಹಲ್ಲು. ಮಗನಲ್ಲವೇ, ಬೇರೆಯವರ ಕೈಗೆ ಯಾಕೆ ಎಂದು ಮಗಳನ್ನು ಸರಿಸಿ ನಾನೇ ಕೂತಿದ್ದೆ. ಒಂದು ಸಲ ಕೈ ಜಾರಿದ್ದು ನಿಜ. ಏನೂ ಆಗಿಲ್ಲ ಎಂದು ಮುಚ್ಚಿದ್ದೆ.

"ನೋವಿತ್ತೇನೋ?" ಅಂದೆ.

"ಸ್ವಲ್ಪ."

"ಸ್ವಲ್ಪ ಅಲ್ಲ" ಅಂದಳು ಮಗಳು. ಈಗ ಅವಳಿಗೂ ಸಿಟ್ಟು ಬಂದಿತ್ತು. "ಎರಡು ವಾರ ನಿದ್ದೆ ಮಾಡಿಲ್ಲ ಇವ್ನು. ಡ್ರಿಲ್ಲು ಹಲ್ಲಿನೊಳಗಿನ ನರಕ್ಕೆ ತಾಗಿತ್ತು. ಒಂದೇ ಕಡೆ ಅಗೀತಿದ್ದ. ನನಗೂ ಹೇಳಿರ್ಲಿಲ್ಲ, ಕೆನ್ನೆ ಊದ್ಕೊಂಡ್ಮೇಲೆ ನಾನೇ ಹಿಡಿದು ರೂಟ್ ಕೆನಾಲ್ ಮಾಡ್ದೆ. ನಿನಗೆ ಗೊತ್ತಾಗ್ಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ."

ಆ ಎರಡು ವಾರದ ಎರಡು ಭಾನುವಾರವೂ ಅವನು ನನ್ನ ಜೊತೆ ಆಡಲು ಬಂದಿದ್ದ. ನನ್ನ ಚೀಲವನ್ನೂ ಹೊತ್ತಿದ್ದ. ಮಾತು ಕಡಿಮೆ ಮಾಡಿದ್ದ, ಶಾಲೆಯಲ್ಲಿ ಪರೀಕ್ಷೆ ಪೇಪರು ತಿದ್ದಿ ಸುಸ್ತು ಅಂದಿದ್ದ. ನಾನು ನಂಬಿದ್ದೆ. ಬೇರೆಯವರ ಬಾಯೊಳಗಿನ ಸಾಸಿವೆ ಕಾಳು ಹುಡುಕುವವಳಿಗೆ ಸ್ವಂತ ಮಗನ ಊದಿದ ಕೆನ್ನೆ ಕಂಡಿರಲಿಲ್ಲ.

"ಹೇಳ್ಬಾರ್ದಾಗಿತ್ತೇನೋ ಗುಂಡ?"

"ಹೇಳಿದ್ರೆ ನೀನು ಆವತ್ತೇ ಕ್ಲಿನಿಕ್ ಬಾಗಿಲು ಹಾಕ್ತಿದ್ದೆ. ನನ್ನ ಹಲ್ಲಿನ ದೆಸೆಯಿಂದ ಅದು ಆಗೋದು ಬೇಡ ಅನ್ನಿಸ್ತು."

"ಬಾಯಿ ತೆಗಿ" ಅಂದೆ.

ಅಲ್ಲೇ, ಬಿಸಿಲಿನಲ್ಲಿ, ಆರಡಿ ಹತ್ತಿರದ ಮಗ ಮಂಡಿ ಬಾಗಿಸಿ ಬಾಯಿ ತೆರೆದ. ಹಲ್ಲಿನ ಮೇಲೆ ಕೂತ ಕ್ಯಾಪು ಹುಟ್ಟಿನಿಂದ ಬಂದದ್ದೋ ಎಂಬಂತೆ ಹೊಂದಿಕೊಂಡಿತ್ತು. ಮಗಳು ತನ್ನ ಫೋನಿನಲ್ಲಿದ್ದ ಅದರ ಎಕ್ಸ್‌ರೇ ತೋರಿಸಿದಳು. ಫೋನು ನನ್ನ ಕೈಗೆ ಬಂದರೆ ಚಿತ್ರ ಕುಣಿಯುತ್ತಿತ್ತು, ಅವಳೇ ಹಿಡಿದುಕೊಂಡಳು. ಎರಡು ಬೇರು, ಮೂರು ಬಿಳಿ ಗೆರೆ. ಒಂದೊಂದೂ ಬೇರಿನ ತುದಿಗೆ ಹೋಗಿ ನಿಂತಿದೆ, ಕೂದಲಷ್ಟು ಹೆಚ್ಚಿಲ್ಲ, ಕೂದಲಷ್ಟು ಕಡಿಮೆಯಿಲ್ಲ. ಕೈ ಚೆನ್ನಾಗಿದ್ದ ಕಾಲದಲ್ಲೂ ನಾನು ಇಷ್ಟು ಚೊಕ್ಕವಾಗಿ ಮಾಡಿದ್ದು ಅಪರೂಪ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅದರ ಹಿಂದೆಯೇ ಅಳು ಬಂತು, ಅದನ್ನು ತಡೆಯಲಿಲ್ಲ.

ಗುಂಡ ನನ್ನ ಭುಜ ಹಿಡಿದು ಗ್ರೀನಿನಿಂದ ಆಚೆಗೆ ನಡೆಸಿದ. ಷೆಡ್ಡಿನ ಬೆಂಚಿನ ಮೇಲೆ ಕೂತೆವು. ಬುಧವಾರ ನರದ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದೇವೆ, ಮೂರನೆಯ ಸಲ, ಹಿಂದಿನ ಎರಡನ್ನೂ ನಿನಗೆ ಹೇಳಲು ಧೈರ್ಯ ಸಾಲದೆ ರದ್ದು ಮಾಡಿದ್ದೆವು ಎಂದು ಅವನು ಹೇಳಿದ. ಬರುತ್ತೇನೆ ಅಂದೆ. ಅವರು ಏನು ಹೇಳುತ್ತಾರೋ ಎಂದು ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಆದರೆ ಅದು ಬುಧವಾರದ ಭಯ. ಅದಕ್ಕೆ ಮೊದಲು ಸೋಮವಾರವಿತ್ತು.

ಬಸ್ ಡ್ರೈವರನಿಗೆ ಫೋನ್ ಮಾಡಿದೆ. ಮಕ್ಕಳಿಬ್ಬರೂ ಎರಡೂ ಪಕ್ಕ ಕೂತಿದ್ದರು.

"ಡಾಕ್ಟ್ರಮ್ಮ, ನಾಳೆ ಮತ್ತೆ ಮುಂದಕ್ಕಾ?" ಅಂದ ಅವನು. ದನಿಯಲ್ಲಿ ಆಸೆ ಇತ್ತು ಎಂದು ಕಾಣುತ್ತದೆ.

"ಇಲ್ಲಪ್ಪ, ನಾಳೇನೇ. ಆದ್ರೆ ನಾನು ಮಾಡಲ್ಲ. ನನ್ನ ಕೈ ನಡುಗುತ್ತೆ. ಎಂಟು, ಅಲ್ಲ, ಹತ್ತು ತಿಂಗಳಿಂದ ನಡುಗ್ತಾ ಇದೆ. ನಿನಗೆ ಊತ ಇದೆ ಅಂದಿದ್ದೆಲ್ಲ ಸುಳ್ಳು. ನನ್ನ ಮಗಳು ಮಾಡ್ತಾಳೆ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಆ ಕಡೆಯಿಂದ ಬಸ್ಸಿನ ಎಂಜಿನ್ ಗುರುಗುಟ್ಟುವುದು ಕೇಳುತ್ತಿತ್ತು.

"ಬೇರೆಯವ್ರ ಕೈ ಅಂದ್ರೆ ನನಗೆ ಭಯ, ನಿಮಗೆ ಗೊತ್ತಲ್ಲ" ಅಂದ. "ನಿಜ ಹೇಳಿ ಡಾಕ್ಟ್ರಮ್ಮ. ನಿಮ್ಮ ಮಗಳ ಕೈ ಹೇಗೆ?"

ಮಗಳು ನೆಲ ನೋಡುತ್ತಿದ್ದಳು. ಗುಂಡ ನನ್ನನ್ನು ನೋಡುತ್ತಿದ್ದ, ತನ್ನ ಹಲ್ಲಿನ ಮಾತು ಬೇಡ ಎಂಬಂತೆ ತಲೆಯಾಡಿಸಿದ.

"ನನ್ನ ಮಗಂದೂ ನಿನ್ನಂಥದೇ ಹಲ್ಲು, ಅದೇ ಜಾಗ" ಅಂದೆ. "ನಾನು ಕೆಡಿಸಿದೆ. ಅವಳು ಸರಿ ಮಾಡಿದ್ಳು."

ಎಂಜಿನ್ ಸದ್ದು ನಿಂತಿತು. ಅವನು ಕೀಲಿ ತಿರುಗಿಸಿರಬೇಕು.

"ಸರಿ" ಅಂದ. "ಹತ್ತು ಗಂಟೆಗೆ ಬರ್ತೀನಿ."